ಕಡಲ ವಿಹಾರವೂ ಅನರ್ಥದಂಡದ ಪ್ರಶ್ನೆಯೂ

ಹೊಟ್ಟೆಯ ಪಾಡಿಗಾಗಿ ಗೃಹಸ್ಥನು ಮಾಡಬೇಕಾಗಿ ಬರುವ ಹಿಂಸೆಯನ್ನು ಕುರಿತು ನಮ್ಮ ಶ್ರಾವಕಾಚಾರ ಗ್ರಂಥಗಳು ವಿಸ್ತಾರವಾಗಿ ವಿಚಾರ ಮಾಡಿವೆ. ನೇಗಿಲು ಹೂಡುವವನ, ಅಂಗಡಿ ಇಟ್ಟವನ, ಒಲೆ ಹೊತ್ತಿಸುವ ಗೃಹಿಣಿಯ, ನಾಡನ್ನು ಕಾಯುವ ಯೋಧನ ಕರ್ಮಗಳನ್ನು ಒಂದೊಂದಾಗಿ ತೂಗಿ ನೋಡಿ, ಯಾವುದು ಅನಿವಾರ್ಯ, ಯಾವುದು ಅಲ್ಲ ಎಂಬುದನ್ನು ಅವು ಬೇರ್ಪಡಿಸಿವೆ. ಆದರೆ ಯಾವ ಪ್ರಾಣಿಯನ್ನೂ ಹಿಡಿಯದೆ, ಕೊಲ್ಲದೆ, ತಿನ್ನದೆ, ಕೇವಲ ಕಣ್ಣಿನ ಸಂತೋಷಕ್ಕಾಗಿ ಅವುಗಳ ಮನೆಯೊಳಕ್ಕೆ ಹೋಗಿ ಬರುವವನ ಲೆಕ್ಕವನ್ನು ಯಾವ ಪುಟದಲ್ಲಿ ಬರೆಯಬೇಕು? ನೋಡುವುದರಿಂದಲೂ ಜೀವಕ್ಕೆ ನೋವಾಗಬಲ್ಲುದೇ? ಆಗುವುದಾದರೆ, ನೋಡುವುದನ್ನೇ ಬಿಡಬೇಕೇ? ಈ ಪ್ರಶ್ನೆಗಳನ್ನು ವಾಚಕರ ಮುಂದಿಡುವುದೇ ಪ್ರಸ್ತುತ ಲೇಖನದ ಉದ್ದೇಶ.

ಇದು ಪಂಡಿತರ ಕಾಲಕ್ಷೇಪದ ಪ್ರಶ್ನೆಯಲ್ಲ. ಉಗಾರ ಖುರ್ದ, ಶೇಡಬಾಳ, ಐನಾಪುರ, ಕಾಗವಾಡಗಳ ಸುತ್ತಿನ ನಮ್ಮ ಶ್ರಾವಕ ಕುಟುಂಬಗಳಲ್ಲಿ ಹೆಚ್ಚಿನವು ಕೃಷ್ಣೆಯ ದಂಡೆಯ ಕಬ್ಬು ಬೆಳೆಗಾರರವು. ಕಾರ್ಖಾನೆಯ ಹಂಗಾಮು ಮುಗಿದು, ಕಬ್ಬಿನ ಬಿಲ್ಲು ಕೈಗೆ ಬಂದು, ಮಕ್ಕಳ ಪರೀಕ್ಷೆ ಮುಗಿಯಿತೆಂದರೆ ಪ್ರವಾಸದ ಮಾತು ಹುಟ್ಟುತ್ತದೆ. ಹಿಂದೆ ಈ ಮಾತು ಸ್ತವನಿಧಿ, ಕುಂಭೋಜ, ಶ್ರವಣಬೆಳಗೊಳ, ಹೆಚ್ಚೆಂದರೆ ಸಮ್ಮೇದ ಶಿಖರಜಿಯವರೆಗೆ ಹೋಗುತ್ತಿತ್ತು. ಈಗ ತರುಣರ ಬಾಯಲ್ಲಿ ಕಾರವಾರ, ಮುರುಡೇಶ್ವರ, ಮಾಲವಣಗಳ ಹೆಸರು. ಕಾರವಾರದಲ್ಲಿ ಕಾಳೀ ನದಿಯು ಸಮುದ್ರವನ್ನು ಸೇರುವ ಅಳಿವೆಯಿಂದ ಹೊರಟು, ದೇವಬಾಗ ಮತ್ತು ಕೂರ್ಮಗಡದ ಸುತ್ತ ದೋಣಿಯಲ್ಲಿ ತಿರುಗಿ ಡಾಲ್ಫಿನ್‌ಗಳನ್ನು ನೋಡಬಹುದು. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರು ದೂರದ ನೇತ್ರಾಣಿ ದ್ವೀಪಕ್ಕೆ ಒಂದು, ಒಂದೂವರೆ ಗಂಟೆ ಕಡಲಲ್ಲಿ ಸಾಗಿ, ಕಣ್ಣಿಗೆ ಗಾಜಿನ ಮುಖವಾಡ, ಬಾಯಿಗೆ ಉಸಿರಿನ ಕೊಳವೆ ಕಟ್ಟಿಕೊಂಡು ನೀರಿನ ಮೇಲೆ ಬೋರಲು ತೇಲುತ್ತ, ಕೆಳಗಿನ ಹವಳವನ್ನೂ ಮೀನುಗಳನ್ನೂ ನೋಡಬಹುದು. ಇದಕ್ಕೆ ಸ್ನಾರ್ಕೆಲಿಂಗ್ ಎನ್ನುತ್ತಾರೆ. ಬೆಳಗ್ಗೆ ಹೊರಟವರು ಮಧ್ಯಾಹ್ನದೊಳಗೆ ದಡಕ್ಕೆ ಮರಳುತ್ತಾರೆ. 2022ರ ಅಕ್ಟೋಬರಿನಲ್ಲಿ ತೆರೆಕಂಡ ‘ಗಂಧದ ಗುಡಿ’ ಸಾಕ್ಷ್ಯಚಿತ್ರದಲ್ಲಿ ನಟ ಪುನೀತ್ ರಾಜ್‌ಕುಮಾರ್ ಅವರು ನೇತ್ರಾಣಿಯ ನೀರಿಗಿಳಿದುದನ್ನು ಕಂಡ ಮೇಲೆ ಈ ಆಸೆ ಬಯಲುಸೀಮೆಯ ಹಳ್ಳಿಗಳಿಗೂ ತಲುಪಿದೆ.

ಮನೆಯ ಹಿರಿಯರು ಒಪ್ಪುವುದಿಲ್ಲ. ಅವರ ಆಕ್ಷೇಪ ಸರಳವಾದುದು: ನೀರೇ ಅಪ್ಕಾಯಿಕ ಜೀವಗಳ ರಾಶಿ, ಅದರಲ್ಲಿ ಮತ್ತೆ ಅಸಂಖ್ಯಾತ ತ್ರಸಜೀವಗಳು, ಕುಡಿಯುವ ನೀರನ್ನೂ ಸೋಸಿ ಕುಡಿಯುವವರು ಆಟಕ್ಕೆಂದು ಆ ರಾಶಿಯೊಳಗೆ ಇಳಿಯಬಹುದೇ? ತರುಣರ ಉತ್ತರವೂ ಸರಳವೇ: ನಾವು ಯಾರನ್ನೂ ಕೊಲ್ಲುವುದಿಲ್ಲ, ಜೀವಗಳನ್ನು ಕಣ್ಣಾರೆ ಕಂಡರೆ ತಾನೇ ಅವುಗಳ ಮೇಲೆ ದಯೆ ಹುಟ್ಟುವುದು? ಎರಡು ಮಾತುಗಳೂ ಪೂರ್ತಿ ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ಹೇಗೆಂಬುದನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕಾಗುತ್ತದೆ.

ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸುವ ಪದ್ಧತಿಯನ್ನು ವಾಚಕರು ಬಲ್ಲರು. ಕೊಲ್ಲಬೇಕೆಂಬ ಬುದ್ಧಿಯಿಂದ ಕೊಲ್ಲುವುದು ಮೊದಲನೆಯದು; ಅದು ಗೃಹಸ್ಥನಿಗೂ ಸರ್ವಥಾ ತ್ಯಾಜ್ಯ. ಮನೆವಾರ್ತೆಯಲ್ಲಿ, ಜೀವನೋಪಾಯದಲ್ಲಿ, ರಕ್ಷಣೆಯಲ್ಲಿ ಆಗುವವು ಉಳಿದ ಮೂರು. ಅವನ್ನು ಗೃಹಸ್ಥನು ಯತ್ನಪೂರ್ವಕ ಕಡಿಮೆ ಮಾಡಿಕೊಳ್ಳಬೇಕು. ನಮ್ಮ ಹೊಲದಲ್ಲಿ ಕಬ್ಬು ಕಡಿದ ಮೇಲೆ ರವದಿಗೆ ಬೆಂಕಿ ಇಡುತ್ತೇವಲ್ಲ, ಅದರಲ್ಲಿ ಸಾಯುವ ಹುಳಹುಪ್ಪಡಿಗಳಿಗೆ ಲೆಕ್ಕವುಂಟೇ? ಅದನ್ನು ಉದ್ಯೋಗೀ ಹಿಂಸೆಯೆಂದು ಹೇಳಿ ಸಮಾಧಾನ ಪಟ್ಟುಕೊಳ್ಳುತ್ತೇವೆ. (ರವದಿಯನ್ನು ಸುಡದೆ ಸಾಲುಗಳಲ್ಲಿ ಹೊದಿಸಿ ಕೊಳೆಯಿಸುವವರು ನಮ್ಮಲ್ಲೇ ಇದ್ದಾರೆ, ಆದ್ದರಿಂದ ಆ ಸಮಾಧಾನವೂ ಗಟ್ಟಿಯಾದುದಲ್ಲ. ಅದಿರಲಿ.) ಕಡಲ ವಿಹಾರವನ್ನು ಈ ನಾಲ್ಕರಲ್ಲಿ ಎಲ್ಲಿಯೂ ಸೇರಿಸಲಾಗದು. ಅಲ್ಲಿ ಕೊಲ್ಲುವ ಸಂಕಲ್ಪವಿಲ್ಲ, ಅಡುಗೆಯ ಅಗತ್ಯವಿಲ್ಲ, ದುಡಿಮೆಯಿಲ್ಲ, ಶತ್ರುವೂ ಇಲ್ಲ.

ಅದಕ್ಕೆ ಸಲ್ಲುವ ಜಾಗ ಬೇರೊಂದಿದೆ. ಗುಣವ್ರತಗಳಲ್ಲಿ ಅನರ್ಥದಂಡ ವಿರಮಣವೆಂಬುದು ಪ್ರಯೋಜನವಿಲ್ಲದ ಹಿಂಸೆಯಿಂದ ಹಿಂದೆ ಸರಿಯುವ ವ್ರತ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ಐದು ಬಗೆಯಾಗಿ ಹೇಳಿ, ಅವುಗಳಲ್ಲಿ ಪ್ರಮಾದಚರ್ಯೆ ಎಂಬುದನ್ನು ವಿವರಿಸುವಾಗ, ನಿಷ್ಪ್ರಯೋಜಕವಾಗಿ ನೆಲ ಅಗೆಯುವುದು, ನೀರನ್ನು ಕದಡುವುದು, ಬೆಂಕಿ ಹೊತ್ತಿಸುವುದು, ಗಾಳಿಯನ್ನು ಅಲ್ಲಾಡಿಸುವುದು, ಗಿಡ ಕಡಿಯುವುದು ಇವುಗಳ ಜೊತೆಯಲ್ಲಿಯೇ ಸುಮ್ಮನೆ ತಿರುಗುವುದನ್ನೂ, ಅಷ್ಟಕ್ಕೇ ನಿಲ್ಲದೆ ಇತರರನ್ನು ತಿರುಗಿಸುವುದನ್ನೂ ಸೇರಿಸಿದ್ದಾರೆ. ಮೇಲುನೋಟಕ್ಕೆ ಕಠೋರವಾಗಿ ತೋರುವ ಈ ಮಾತಿನಲ್ಲಿ ಎರಡನೆಯ ಭಾಗವು ನಮ್ಮ ಕಾಲಕ್ಕೆಂದೇ ಬರೆದಂತಿದೆ. ತಾನು ಹೋಗಿ ಬಂದವನು ಅಂದೇ ಸಂಜೆ ಮೊಬೈಲಿನಲ್ಲಿ ಹತ್ತು ಚಿತ್ರಗಳನ್ನು ಹರಿಯಬಿಟ್ಟು ನೂರು ಜನರಿಗೆ ದಾರಿ ತೋರಿಸುತ್ತಾನೆ. ಮಾಡಿದ್ದು, ಮಾಡಿಸಿದ್ದು, ಅನುಮೋದಿಸಿದ್ದು ಮೂರೂ ಒಂದೇ ದಿನದಲ್ಲಿ ಮುಗಿಯುತ್ತವೆ. ಒಂದು ದೋಣಿಯಿಂದ ಆಗದ ಹಾನಿ ಐವತ್ತು ದೋಣಿಗಳಿಂದ ಆಗುವುದಾದರೆ, ನಾಲ್ವತ್ತೊಂಬತ್ತನ್ನು ಕರೆದವರು ಯಾರು ಎಂದು ಕೇಳಲೇಬೇಕಾಗುತ್ತದೆ.

ಅದೇ ಗ್ರಂಥದಲ್ಲಿ ದಿಗ್ವ್ರತದ ಎಲ್ಲೆಗಳನ್ನು ಹೇಳುವಾಗ ಸಮುದ್ರವೇ ಮೊದಲನೆಯದು. ನದಿ, ಅಡವಿ, ಬೆಟ್ಟ, ನಾಡು, ಯೋಜನಗಳು ಆ ಮೇಲಿನವು. ಇದರಿಂದ ಕಡಲು ನಮಗೆ ನಿಷಿದ್ಧವೆಂದು ಕೆಲವರು ಅರ್ಥ ಮಾಡುತ್ತಾರೆ. ಹಾಗಲ್ಲ. ಎಲ್ಲೆಯೆಂದರೆ ಇಷ್ಟರೊಳಗೆ ನನ್ನ ವ್ಯವಹಾರವೆಂದು ತಾನೇ ಹಾಕಿಕೊಂಡ ಗೆರೆ. ಗೇರುಸೊಪ್ಪೆಯ ಜೈನ ಅರಸರ ಕಾಲದಲ್ಲಿ ಶರಾವತಿಯ ಕಣಿವೆಯ ಮೆಣಸು ಕರಾವಳಿಯ ಬಂದರುಗಳಿಂದ ಹಡಗೇರಿ ಹೋಗುತ್ತಿತ್ತು. ರಾಣಿ ಚೆನ್ನಭೈರಾದೇವಿಯನ್ನು ಪೋರ್ತುಗೀಸರು ಮೆಣಸಿನ ರಾಣಿಯೆಂದೇ ಕರೆದರು. ನೇತ್ರಾಣಿಗೆ ಎದುರಿನ ದಡದಲ್ಲಿರುವ ಭಟ್ಕಳದ ಬಸದಿಯೂ, ಒಳನಾಡಿನ ಹಾಡುವಳ್ಳಿಯೂ ಅದೇ ವೈಭವದ ಕುರುಹುಗಳು. ನಮ್ಮವರಿಗೆ ಕಡಲು ಅಪರಿಚಿತವಲ್ಲ. ಅವರು ಪ್ರಯೋಜನಕ್ಕಾಗಿ ಹೋದರು, ಇವರು ವಿನೋದಕ್ಕಾಗಿ ಹೋಗುತ್ತಾರೆ ಎಂಬ ವ್ಯತ್ಯಾಸ ಮಾತ್ರ ಉಳಿಯುತ್ತದೆ. ಪ್ರಯೋಜನವೆಂಬುದು ಹಣದ ಲಾಭ ಮಾತ್ರವೇ ಎಂದು ಹಿರಿಯರು ಸಾಧಿಸುವುದಾದರೆ, ಮಗು ಒಂದು ಜೀವಿಯನ್ನು ಕಂಡು ಬೆರಗಾಗುವುದು ಪ್ರಯೋಜನವಲ್ಲ, ಮೆಣಸು ಮಾರುವುದು ಪ್ರಯೋಜನ ಎಂದಂತಾಗುತ್ತದೆ. ಇದನ್ನು ಅವರೇ ಒಪ್ಪಲಾರರು. ಇನ್ನೊಂದು ಮಾತು: ಕೊಲ್ಲಾಪುರದ ಕಡೆಯ ಜಲಕ್ರೀಡೆಯ ಉದ್ಯಾನಗಳಿಗೆ ಮೊಮ್ಮಕ್ಕಳನ್ನು ಕಳುಹಿಸುವಾಗ ಈ ಆಕ್ಷೇಪ ಕೇಳಿಬರುವುದಿಲ್ಲ. ಅಲ್ಲಿಯ ನೀರಿನಲ್ಲಿ ಒಂದೂ ಜೀವ ಉಳಿಯದಂತೆ ಮೊದಲೇ ಕ್ಲೋರಿನ್ ಬೆರೆಸಿರುತ್ತಾರೆ.

ಹಾಗಾದರೆ ತರುಣರ ಮಾತೇ ಸರಿಯೆಂದು ಹೇಳೋಣವೇ? ಅವರು ಕೊಲ್ಲುವುದಿಲ್ಲವೆಂಬುದು ನಿಜ. ಆದರೆ ಹಿಂಸೆಯೆಂದರೆ ಪ್ರಾಣಗಳಿಗೆ ಮಾಡುವ ಘಾತ. ಮತ್ತು ಪ್ರಾಣವು ಒಂದಲ್ಲ, ಹತ್ತು. ಐದು ಇಂದ್ರಿಯಗಳು, ಮನ ವಚನ ಕಾಯಗಳೆಂಬ ಮೂರು ಬಲಗಳು, ಶ್ವಾಸೋಚ್ಛ್ವಾಸ, ಆಯುಷ್ಯ. ಆಯುಷ್ಯವೊಂದನ್ನು ಮುಟ್ಟದೆ ಉಳಿದ ಒಂಬತ್ತನ್ನು ಘಾಸಿಗೊಳಿಸಲು ಸಾಧ್ಯವಿದೆ. ಕಾರವಾರದ ಡಾಲ್ಫಿನ್ನಿನ ವಿಷಯದಲ್ಲಿ ಇದು ಬರಿಯ ತರ್ಕವಲ್ಲ.

ಕಾಳಿಯ ಅಳಿವೆಯಲ್ಲಿ ಕಾಣುವುದು ಬೆನ್ನಿನ ಮೇಲೆ ಗೂನಿನಂತಹ ಉಬ್ಬಿರುವ ಜಾತಿಯ ಡಾಲ್ಫಿನ್. ಅದು ಆಳಸಮುದ್ರಕ್ಕೆ ಹೋಗುವುದಿಲ್ಲ. ದಡದ ಸಮೀಪ, ನದಿಗಳು ಕಡಲು ಸೇರುವಲ್ಲಿ, ಮೀನು ಹೇರಳವಾಗಿರುವ ಕಲಕು ನೀರಿನಲ್ಲಿಯೇ ಅದರ ಸಂಸಾರ. ಒಂದು ಬಾರಿಗೆ ಒಂದೇ ಮರಿ. ಆ ಮರಿಯನ್ನು ತಾಯಿ ಬಹುಕಾಲ ಜೊತೆಯಲ್ಲಿಟ್ಟುಕೊಂಡು ಮೊಲೆಯೂಡಿಸಿ ಸಾಕುತ್ತಾಳೆ. ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು ಈ ಜಾತಿಯನ್ನು ಅಳಿವಿನ ಅಪಾಯದಲ್ಲಿರುವ ಪ್ರಾಣಿಗಳ ಪಟ್ಟಿಗೆ ಸೇರಿಸಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ, ಎಂದರೆ ಹುಲಿಗೆ ಸಿಕ್ಕಿರುವ ರಕ್ಷಣೆಯ ಸಾಲಿನಲ್ಲಿಯೇ, ಡಾಲ್ಫಿನ್ನಿಗೂ ಸ್ಥಾನವಿದೆ.

ಇದು ಮೀನಲ್ಲ, ನಮ್ಮಂತೆ ಶ್ವಾಸಕೋಶದಿಂದ ಉಸಿರಾಡುವ ಪಂಚೇಂದ್ರಿಯ ಜೀವಿ. ಉಸಿರಿಗಾಗಿ ಅದು ಮೇಲಕ್ಕೆ ಬರಲೇಬೇಕು. ಪ್ರವಾಸಿಯು ಹಣ ಕೊಟ್ಟು ಕಾಯುವುದು ಆ ಕ್ಷಣಕ್ಕಾಗಿಯೇ. ಬೆನ್ನು ಕಂಡೊಡನೆ ದೋಣಿಗಳು ಅತ್ತ ಧಾವಿಸುತ್ತವೆ. ಉಸಿರು ಪೂರ್ತಿ ತುಂಬಿಕೊಳ್ಳುವ ಮೊದಲೇ ಪ್ರಾಣಿ ಮುಳುಗಬೇಕಾಗುತ್ತದೆ. ಕಲಕು ನೀರಿನಲ್ಲಿ ಕಣ್ಣಿನ ಉಪಯೋಗ ಕಡಿಮೆ. ತಾನು ಹೊರಡಿಸಿದ ಸದ್ದು ಎದುರಿನ ವಸ್ತುವಿಗೆ ತಾಗಿ ಮರಳಿ ಬರುವುದನ್ನು ಆಲಿಸಿಯೇ ಅದು ದಾರಿಯನ್ನೂ ಆಹಾರವನ್ನೂ ತಿಳಿಯುತ್ತದೆ. ನೀರಿನಲ್ಲಿ ಸದ್ದು ಗಾಳಿಯಲ್ಲಿ ಚಲಿಸುವುದಕ್ಕಿಂತ ನಾಲ್ಕು ಪಟ್ಟಿಗೂ ಮಿಕ್ಕಿದ ವೇಗದಲ್ಲಿ ಚಲಿಸುತ್ತದೆ, ಬಹುದೂರ ಹೋಗುತ್ತದೆ. ನಾಲ್ಕಾರು ದೋಣಿಯಂತ್ರಗಳ ಮೊರೆತದ ನಡುವೆ ಆ ಪ್ರಾಣಿಯ ಸ್ಥಿತಿ, ಕಣ್ಣಿಗೆ ಬಟ್ಟೆ ಕಟ್ಟಿ ಸಂತೆಯಲ್ಲಿ ಬಿಟ್ಟವನ ಸ್ಥಿತಿಯಂತಾಗುತ್ತದೆ. ಶ್ರೋತ್ರೇಂದ್ರಿಯ ಮತ್ತು ಶ್ವಾಸೋಚ್ಛ್ವಾಸ, ಈ ಎರಡು ಪ್ರಾಣಗಳಿಗೆ ಇಲ್ಲಿ ನೇರವಾದ ಘಾತವಿದೆ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಕಟ್ಟುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಮಿತಿಮೀರಿ ಹೊರೆ ಹೇರುವುದು ಇವುಗಳ ಜೊತೆಗೆ ಅನ್ನಪಾನ ನಿರೋಧವನ್ನೂ ಹೇಳಿದೆ. ಎತ್ತಿಗೆ ಮೇವು ಹಾಕದಿರುವುದು ಎಂದಷ್ಟೇ ನಾವು ಅದನ್ನು ಅರ್ಥ ಮಾಡುತ್ತ ಬಂದಿದ್ದೇವೆ. ಮೀನು ಹಿಡಿಯುತ್ತಿರುವ ಗುಂಪಿನ ನಡುವೆ ದೋಣಿ ನುಗ್ಗಿಸಿ ಊಟ ಕೆಡಿಸುವುದನ್ನು ಬೇರೆ ಯಾವ ಹೆಸರಿನಿಂದ ಕರೆಯಬೇಕೋ ನನಗೆ ತೋರದು.

ನೋಡುವುದರಿಂದ ಎಷ್ಟರ ಹಾನಿಯಾದೀತು ಎಂದು ಸಂಶಯಪಡುವವರಿಗಾಗಿ ಒಂದು ನಿದರ್ಶನ. ಆಸ್ಟ್ರೇಲಿಯದ ಪಶ್ಚಿಮ ಕರಾವಳಿಯ ಶಾರ್ಕ್ ಬೇ ಎಂಬಲ್ಲಿ ಡಾಲ್ಫಿನ್‌ಗಳನ್ನು ಒಂದೊಂದಾಗಿ ಗುರುತಿಟ್ಟು ವರ್ಷಾನುಗಟ್ಟಲೆ ಅಭ್ಯಾಸ ಮಾಡಿದವರು 2006ರಲ್ಲಿ ತಮ್ಮ ಫಲಿತವನ್ನು ಪ್ರಕಟಿಸಿದರು. ಪ್ರವಾಸಿ ದೋಣಿಯ ಸಂಸ್ಥೆಗಳು ಒಂದರಿಂದ ಎರಡಾದ ಅವಧಿಯಲ್ಲಿ ಆ ನೀರಿನ ಡಾಲ್ಫಿನ್‌ಗಳು ಶೇಕಡಾ 15ರಷ್ಟು ಕಡಿಮೆಯಾಗಿದ್ದವು; ದೋಣಿಗಳಿಲ್ಲದ ಪಕ್ಕದ ನೀರಿನಲ್ಲಿ ಅಂತಹ ಇಳಿಕೆ ಇರಲಿಲ್ಲ. ಅಲ್ಲಿನವರು ಯಾರೂ ಗಾಳ ಹಾಕಿದವರಲ್ಲ, ಬಲೆ ಬೀಸಿದವರಲ್ಲ. ಬಹುಶಃ ಎಲ್ಲರೂ ಪ್ರಾಣಿಪ್ರಿಯರೇ. ಅಲ್ಲಿಯ ಸರಕಾರವು ಎರಡು ಪರವಾನಗಿಗಳಲ್ಲಿ ಒಂದನ್ನು ತೆಗೆದುಹಾಕಿತು.

ಇನ್ನು ನೇತ್ರಾಣಿಯ ನೀರಿನ ಕೆಳಗಿನ ವಿಷಯ. ಇಲ್ಲಿ ಶಾಸ್ತ್ರವನ್ನು ಓದಿಕೊಂಡವರಿಗೆ ಒಂದು ಕುತೂಹಲದ ತೊಡಕಿದೆ. ವಟ್ಟಕೇರಾಚಾರ್ಯರ ಮೂಲಾಚಾರದಲ್ಲಿ ಪೃಥ್ವೀಕಾಯದ 36 ಭೇದಗಳನ್ನು ಎಣಿಸುವಾಗ ಮಣ್ಣು, ಮರಳು, ಕಲ್ಲು, ಉಪ್ಪು, ಲೋಹಗಳ ಸಾಲಿನಲ್ಲಿ ಪ್ರವಾಳವೂ, ಎಂದರೆ ಹವಳವೂ ಬರುತ್ತದೆ. ಹಾಗಾಗಿ ಹವಳವು ಏಕೇಂದ್ರಿಯ. ಶಂಖ, ಸಿಂಪಿ, ಹುಳುಗಳನ್ನಾದರೋ ಕುಂದಕುಂದಾಚಾರ್ಯರು ಪಂಚಾಸ್ತಿಕಾಯದಲ್ಲಿ ದ್ವೀಂದ್ರಿಯಗಳೆಂದಿದ್ದಾರೆ. ಇಂದಿನ ಪ್ರಾಣಿಶಾಸ್ತ್ರವು ಹೇಳುವುದೇನೆಂದರೆ, ಹವಳದ ಗಟ್ಟಿ ಭಾಗವು ಸುಣ್ಣದ ಗೂಡು. ಅದನ್ನು ಕಟ್ಟಿ ಅದರ ಮೇಲೆ ಬಾಳುವವು ಸಾಸಿವೆಯಿಂದ ಗುಂಡಿಯ ಗಾತ್ರದವರೆಗಿನ ಮೃದುದೇಹದ ಪ್ರಾಣಿಗಳು. ಅವಕ್ಕೆ ಬಾಯಿಯುಂಟು, ಬಾಯಿಯ ಸುತ್ತ ಕೈಗಳಂತಹ ಎಳೆಗಳುಂಟು, ಮುಟ್ಟಿದರೆ ಮುದುಡಿಕೊಳ್ಳುವ ಸ್ಪರ್ಶಜ್ಞಾನವುಂಟು. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿಗಳು ನೆಲೆಸಿ ಸೂರ್ಯನ ಬೆಳಕಿನಿಂದ ಆಹಾರ ತಯಾರಿಸಿ ಆಶ್ರಯದಾತನಿಗೂ ಕೊಡುತ್ತವೆ. ಕಲ್ಲು, ಸಸ್ಯ, ಪ್ರಾಣಿ ಮೂರೂ ಒಂದೇ ಮನೆಯಲ್ಲಿವೆ.

ಇದನ್ನು ಹಿಡಿದು ಆಗಮವು ತಪ್ಪೆಂದು ನಗುವವರಿದ್ದಾರೆ. ಅವರು ಪಶ್ಚಿಮದ ಚರಿತ್ರೆಯನ್ನೂ ಸ್ವಲ್ಪ ನೋಡಬೇಕು. 18ನೆಯ ಶತಮಾನದ ಮೊದಲ ಭಾಗದವರೆಗೆ ಐರೋಪ್ಯ ವಿದ್ವಾಂಸರು ಹವಳವನ್ನು ಕಲ್ಲೆಂದೋ ಗಿಡವೆಂದೋ ತಿಳಿದಿದ್ದರು. ಪೇಯ್ಸೊನ್ನೆಲ್ ಎಂಬ ಫ್ರೆಂಚ್ ವೈದ್ಯನು 1720ರ ದಶಕದಲ್ಲಿ ಉತ್ತರ ಆಫ್ರಿಕದ ತೀರದಲ್ಲಿ ಜೀವಂತ ಹವಳವನ್ನು ಪರೀಕ್ಷಿಸಿ, ಹೂವೆಂದು ಎಲ್ಲರೂ ತಿಳಿದದ್ದು ಪ್ರಾಣಿಯೆಂದು ಬರೆದಾಗ ಪ್ಯಾರಿಸಿನ ಅಕಾಡೆಮಿಯವರು ಅದನ್ನು ನಂಬಲಿಲ್ಲ. ಮಾತು ಒಪ್ಪಿತವಾಗಲು ಎರಡು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು. ನಮ್ಮ ಆಚಾರ್ಯರ ಮುಂದೆ ಬಂದದ್ದು ಅಕ್ಕಸಾಲೆಯ ತಕ್ಕಡಿಯಲ್ಲಿದ್ದ ಒಣ ಹವಳ. ಅದನ್ನು ರತ್ನಗಳ ಸಾಲಿನಲ್ಲಿರಿಸಿದರು. ಆದರೂ ಅದನ್ನು ಅಜೀವವೆನ್ನದೆ ಜೀವದ ಪಟ್ಟಿಯಲ್ಲಿಯೇ ಇಟ್ಟರಲ್ಲ! ಕಲ್ಲೆಂದು ತಿಳಿದ ಪಕ್ಷದಲ್ಲಿಯೂ ಅದನ್ನು ನಿಷ್ಕಾರಣವಾಗಿ ತುಳಿಯಬಾರದೆಂಬ ಆಚಾರ ಒಂದೆಡೆ. ಪ್ರಾಣಿಯೆಂದು ತಿಳಿದ ಮೇಲೂ ಅದರ ಮೇಲೆ ನಿಂತು ಚಿತ್ರ ತೆಗೆಸಿಕೊಳ್ಳುವ ರೂಢಿ ಇನ್ನೊಂದೆಡೆ. ಇವೆರಡರಲ್ಲಿ ಹವಳಕ್ಕೆ ಕ್ಷೇಮ ಯಾವುದೆಂದು ವಾಚಕರೇ ನಿರ್ಣಯಿಸಲಿ.

ದಿಮ್ಮಿಯಂತೆ ಬೆಳೆಯುವ ಹವಳವು ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರು ಬೆಳೆಯುತ್ತದೆ. ಈಜು ಬಾರದ ಪ್ರವಾಸಿ ಗಾಬರಿಗೊಂಡು ಕಾಲೂರಲು ಕೆಳಗೆ ಆಸರೆ ಹುಡುಕುತ್ತಾನೆ. ಅವನ ರಬ್ಬರಿನ ಕಾಲ್ಚೀಲ ತಗುಲಿ ಮುರಿದ ಗೇಣುದ್ದದ ತುಂಡು ಒಂದು ಪೀಳಿಗೆಯ ಬೆಳವಣಿಗೆ. ದೋಣಿಯವನು ಹವಳದ ಮೇಲೆ ಲಂಗರು ಬಿಟ್ಟರಂತೂ ಕೇಳುವುದೇ ಬೇಡ. ಬಿಸಿಲಿಗೆಂದು ಮೈಗೆ ಬಳಿದುಕೊಳ್ಳುವ ಲೇಪಗಳಲ್ಲಿನ ಕೆಲವು ರಾಸಾಯನಿಕಗಳು ಹವಳಕ್ಕೆ ವಿಷವೆಂದು ಹವಾಯಿ ದ್ವೀಪಗಳ ಸರಕಾರವು 2018ರಲ್ಲಿ ಕಾನೂನು ಮಾಡಿ, 2021ರಿಂದ ಅವುಗಳ ಮಾರಾಟವನ್ನು ನಿಲ್ಲಿಸಿತು. ನಮ್ಮ ಕರಾವಳಿಗೆ ಹೋಗುವ ಪ್ರವಾಸಿಗಳಲ್ಲಿ ಈ ಸಂಗತಿ ತಿಳಿದವರು ವಿರಳ. ನೇತ್ರಾಣಿಯ ಹವಳವು ಈಗಾಗಲೇ ನೊಂದಿದೆ. ಆ ದ್ವೀಪವನ್ನು ಬಹುಕಾಲ ನೌಕಾಪಡೆಯು ಗುರಿಯಭ್ಯಾಸಕ್ಕೆ ಬಳಸುತ್ತಿತ್ತು. ದ್ವೀಪದ ಮರಗಳಲ್ಲಿ ಬಿಳಿಹೊಟ್ಟೆಯ ಕಡಲಹದ್ದು ಗೂಡು ಕಟ್ಟುತ್ತದೆ. ಗವಿಗಳಲ್ಲಿ ತನ್ನ ಜೊಲ್ಲಿನಿಂದಲೇ ಗೂಡು ಹೆಣೆಯುವ ಪುಟ್ಟ ಹಕ್ಕಿಗಳಿವೆ. ಸದ್ದು ಅವಕ್ಕೂ ಕೇಳಿಸುತ್ತದೆ.

ಪ್ರಾಮಾಣಿಕವಾಗಿ ಹೇಳಬೇಕಾದರೆ, ಹವಳಕ್ಕೆ ಅತಿ ದೊಡ್ಡ ಅಪಾಯ ಪ್ರವಾಸಿಯ ಕಾಲಿನಿಂದ ಬಂದುದಲ್ಲ. ಕಡಲ ನೀರು ಬೇಸಗೆಯ ವಾಡಿಕೆಯ ಗರಿಷ್ಠಕ್ಕಿಂತ ಒಂದು ಡಿಗ್ರಿ ಹೆಚ್ಚಾಗಿ ಕೆಲವು ವಾರ ಹಾಗೆಯೇ ನಿಂತರೆ ಸಾಕು, ಹವಳವು ತನ್ನೊಳಗಿನ ಪಾಚಿಯನ್ನು ಹೊರದೂಡಿ ಬೆಳ್ಳಗಾಗಿ, ಹಸಿವಿನಿಂದ ಸಾಯತೊಡಗುತ್ತದೆ. 1998ರಲ್ಲಿ ಲಕ್ಷದ್ವೀಪದ ಹವಳಗಳು ಹೀಗೆ ಅಪಾರವಾಗಿ ಸತ್ತವು. ಜಗತ್ತಿನ ಕಡಲುಗಳಲ್ಲೆಲ್ಲ ಇಂತಹ ಬಿಳಿಚುವಿಕೆಯ ನಾಲ್ಕನೆಯ ಆವೃತ್ತಿ ನಡೆದಿದೆಯೆಂದು ವಿಜ್ಞಾನಿಗಳು 2024ರ ಏಪ್ರಿಲಿನಲ್ಲಿ ಘೋಷಿಸಿದರು. ಇದರ ಕಾರಣ ನಮ್ಮ ಮೋಟಾರುಗಳ, ಕಾರ್ಖಾನೆಗಳ, ವಿದ್ಯುತ್ ಸ್ಥಾವರಗಳ ಹೊಗೆ. ಎಂದ ಮೇಲೆ ಉಗಾರದಲ್ಲಿ ಮನೆಯಲ್ಲಿಯೇ ಕುಳಿತವನು ಹವಳದ ಮಟ್ಟಿಗೆ ನಿರಪರಾಧಿಯೆಂದೂ, ನೇತ್ರಾಣಿಗೆ ಹೋದವನೊಬ್ಬನೇ ಅಪರಾಧಿಯೆಂದೂ ತೀರ್ಪು ಕೊಡಲಾಗದು. ಕಾಣದ ಹಿಂಸೆಯಲ್ಲಿ ಪಾಲುಗಾರನಾಗಿ ಕಾಣುವ ಹಿಂಸೆಯನ್ನು ಮಾತ್ರ ಖಂಡಿಸುವುದು ನಮ್ಮ ಸಮಾಜದ ಹಳೆಯ ಚಾಳಿ.

ದೋಣಿಯವನ ಪಕ್ಷವನ್ನೂ ಕೇಳಬೇಕು. ಅವನು ಮೀನುಗಾರರ ಮನೆಯವನು. ಪ್ರವಾಸಿಗಳನ್ನು ಹೊತ್ತ ದಿನ ಅವನ ಬಲೆ ದಡದಲ್ಲಿರುತ್ತದೆ. ಅಷ್ಟು ಮೀನು ಉಳಿಯಿತು ತಾನೇ ಎಂದು ತರುಣರು ವಾದಿಸುತ್ತಾರೆ. ಅರ್ಧ ನಿಜ. ಉಳಿದ ಅರ್ಧವೇನೆಂದರೆ, ಅದೇ ಪ್ರವಾಸಿಗಳಿಗಾಗಿ ದಡದ ಖಾನಾವಳಿಗಳಲ್ಲಿ ಮೀನು ಹುರಿಯುವ ಬಾಣಲೆ ಆರುವುದಿಲ್ಲ. ಆದರೆ ಆ ಅಂಬಿಗರಿಂದ ನಾವು ಕಲಿಯತಕ್ಕ ಒಂದು ಸಂಗತಿಯಿದೆ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. ಅದು ಬಹಳಷ್ಟು ಮೀನುಗಳು ಮೊಟ್ಟೆಯಿಡುವ ಕಾಲವೆಂಬುದು ಅದರ ಕಾರಣ. ಕಡಲು ಆಗ ಅಪಾಯಕರವೆಂಬುದೂ ಹೌದು. ಅದೇ ಆಷಾಢದಲ್ಲಿ ನಮ್ಮ ಮುನಿಗಳು, ಮಳೆಗಾಲದ ನೆಲದಲ್ಲಿ ಹುಟ್ಟುವ ಜೀವರಾಶಿಗೆ ಬಾಧೆಯಾಗದಿರಲೆಂದು ವಿಹಾರವನ್ನು ನಿಲ್ಲಿಸಿ ಚಾತುರ್ಮಾಸಕ್ಕೆ ನಿಲ್ಲುತ್ತಾರೆ. ಮೀನುಗಾರನೂ ಮುನಿಯೂ ಬೇರೆ ಬೇರೆ ಉದ್ದೇಶದಿಂದ, ಒಂದೇ ಋತುವಿನಲ್ಲಿ, ಜೀವಗಳು ಹುಟ್ಟುವ ಸಮಯವೆಂದು ಸಂಚಾರವನ್ನು ತಡೆದುಕೊಳ್ಳುತ್ತಾರೆ. ಪ್ರವಾಸಿಯೊಬ್ಬನಿಗೆ ಮಾತ್ರ ತಾನಾಗಿ ಒಪ್ಪಿಕೊಂಡ ಯಾವ ಋತುವೂ ಇಲ್ಲ. ಅಲೆಗಳು ಎದ್ದು ತಡೆದರೆ ನಿಲ್ಲುತ್ತಾನೆ, ಅಷ್ಟೆ.

ತಡೆದರೂ ನಿಲ್ಲದಿರುವುದುಂಟು. 2019ರ ಜನವರಿ 21ರಂದು ಕೂರ್ಮಗಡದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿಯೊಂದು ಕಾರವಾರದ ಬಳಿ ಮಗುಚಿ 16 ಮಂದಿ ತೀರಿಕೊಂಡರು. ಹೊರಬಹುದಾದುದಕ್ಕಿಂತ ಹೆಚ್ಚು ಜನ ಅದರಲ್ಲಿದ್ದರು. ಬಯಲುಸೀಮೆಯವರಿಗೆ ನದಿ ಗೊತ್ತು, ಕಡಲಿನ ಸೆಳೆತ ಗೊತ್ತಿಲ್ಲ. ಜೀವದಯೆಯ ಮಾತನಾಡುವಾಗ ಜೀವರಕ್ಷಕ ಅಂಗಿ ತೊಡದೆ ಕುಳಿತ ತನ್ನ ಮಗುವನ್ನು ಲೆಕ್ಕದಿಂದ ಬಿಡಲಾಗದು. ಪ್ರಮಾದವೆಂಬ ಶಬ್ದಕ್ಕೆ ಶಾಸ್ತ್ರದಲ್ಲಿರುವ ಅರ್ಥವೂ ಬಳಕೆಯಲ್ಲಿರುವ ಅರ್ಥವೂ ಇಲ್ಲಿ ಕೂಡಿಕೊಳ್ಳುತ್ತವೆ.

ಕಾರವಾರದ ದೋಣಿಯೆಂದಾಗ ನೆನಪಾಗುವ ಒಂದು ಸಾಹಿತ್ಯಪ್ರಸಂಗವನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗದು. ರವೀಂದ್ರನಾಥ ಠಾಕೂರರು ತಾರುಣ್ಯದಲ್ಲಿ, ಅಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ಕೆಲಕಾಲ ಇದ್ದರು. ಒಂದು ಬೆಳದಿಂಗಳ ರಾತ್ರಿ ಸಣ್ಣ ದೋಣಿಯಲ್ಲಿ ಕಾಳೀ ನದಿಯ ಮೇಲುಗಡೆಗೆ ಹೋಗಿ, ಹೊಳೆಯ ಸೆಳವಿನೊಡನೆ ತೇಲುತ್ತ ಹಿಂದಿರುಗಿದುದನ್ನು ಅವರು ಆತ್ಮಕಥನದಲ್ಲಿ ಬರೆದಿದ್ದಾರೆ. ಆ ದೋಣಿಗೆ ಯಂತ್ರವಿರಲಿಲ್ಲ. ಅಲ್ಲಿ ಬರೆದ ‘ಪ್ರಕೃತಿರ್ ಪ್ರತಿಶೋಧ’ ಎಂಬ ನಾಟಕದಲ್ಲಿ, ಸಕಲ ಬಂಧನಗಳನ್ನೂ ಕಡಿದುಕೊಂಡೆನೆಂದು ಗುಹೆಯಲ್ಲಿ ಕುಳಿತ ಸಂನ್ಯಾಸಿಯು ಒಂದು ಅನಾಥ ಬಾಲೆಯ ಮೇಲಿನ ಮಮತೆಯಿಂದ ಮರಳಿ ಲೋಕಕ್ಕೆ ಬರುತ್ತಾನೆ. ನಮ್ಮ ದೃಷ್ಟಿಯಿಂದ ಆ ನಾಟಕದ ನಿಲುವನ್ನು ಪೂರ್ತಿ ಒಪ್ಪುವುದು ಕಷ್ಟ. ಕಣ್ಣು ಮುಚ್ಚಿಕೊಳ್ಳುವುದೊಂದೇ ಅಹಿಂಸೆಯಲ್ಲವೆಂಬಷ್ಟನ್ನು ಒಪ್ಪಬಹುದು.

ತರುಣರು ಹೇಳುವಂತೆ ಕಂಡುದರಿಂದ ದಯೆ ಹುಟ್ಟುವುದುಂಟೇ? ಹುಟ್ಟಬಹುದು, ಆದರೆ ಅದು ತಾನಾಗಿ ಹುಟ್ಟುವುದಿಲ್ಲ. ಹುಲಿಯ ಬೇಟೆಯಾಡಿದ ರಾಜರಷ್ಟು ಹುಲಿಯನ್ನು ಕಂಡವರಿಲ್ಲ. ದೋಣಿಯಿಂದ ಇಳಿದ ಮೇಲೆ ನೋಡಿದವನ ನಡೆಯಲ್ಲಿ ಏನಾದರೂ ಬದಲಾಯಿತೇ ಎಂಬುದರಿಂದಲೇ ಅದು ತಿಳಿಯತಕ್ಕದ್ದು. ಹವಳವು ಜೀವವೆಂದು ಕಣ್ಣಾರೆ ಕಂಡು ಬಂದವನು ಬೆರಳಿನ ಹವಳದುಂಗುರವನ್ನು ತೆಗೆದಿಟ್ಟರೆ, ದಡದ ಅಂಗಡಿಯಲ್ಲಿ ಶಂಖ, ಚಿಪ್ಪುಗಳನ್ನು ಕೊಳ್ಳದೆ ಬಂದರೆ, ಅವನ ಪ್ರಯಾಣಕ್ಕೆ ಪ್ರಯೋಜನವಿತ್ತೆಂದು ಹೇಳಬಹುದು. ಅಂತಹ ಒಬ್ಬನಿಗೆ ಆ ಅರ್ಧ ದಿನವು ಅನರ್ಥದಂಡವಲ್ಲ. ಉಳಿದವರಿಗೆ ಅದು ಅನರ್ಥದಂಡವೇ. ಇದರಲ್ಲಿ ಗ್ರಂಥದ ಅಪ್ಪಣೆಗಾಗಿ ಕಾಯಬೇಕಾಗಿಲ್ಲ.

ಆದುದರಿಂದ ಹೋಗಲೇಬಾರದೆಂದು ನಾನು ಹೇಳಲಾರೆ. ಹೋಗುವವರು ದಿಗ್ವ್ರತದ ರೀತಿಯಲ್ಲಿ ದಡದಲ್ಲಿಯೇ ಕೆಲವು ಗೆರೆಗಳನ್ನು ಹಾಕಿಕೊಂಡು ದೋಣಿ ಏರಲಿ. ಅಳಿವೆಯಲ್ಲಿ ಯಂತ್ರವನ್ನು ನಿಲ್ಲಿಸಿ ಕಾಯುವ, ಬೆನ್ನಟ್ಟದ ಅಂಬಿಗನನ್ನೇ ಗೊತ್ತುಮಾಡಿಕೊಳ್ಳಲಿ. ಡಾಲ್ಫಿನ್ ತಾನಾಗಿ ಬಂದರೆ ಬಂತು, ಬಾರದಿದ್ದರೆ ಹಣ ಕೊಟ್ಟು ಮರಳಲಿ. ಈಜು ಬಾರದವರು ನೇತ್ರಾಣಿಯ ನೀರಿಗೆ ಇಳಿಯುವುದು ಬೇಡ. ಮೈಗೆ ಲೇಪ ಬೇಡ, ತುಂಬು ತೋಳಿನ ಅಂಗಿ ಸಾಕು. ಮೀನಿಗೆ ಬ್ರೆಡ್ಡು ಎಸೆಯುವುದು ದಾನವಲ್ಲ. ಒಮ್ಮೆ ನೋಡಿದ್ದನ್ನು ಪ್ರತಿವರ್ಷ ನೋಡಬೇಕಾಗಿಲ್ಲ. ಸಮುದ್ರಸ್ನಾನದಿಂದ ಪುಣ್ಯ ಬರುವುದೆಂಬ ನಂಬಿಕೆಯನ್ನು ಸಮಂತಭದ್ರರು ಲೋಕಮೂಢತೆಯೆಂದು ತಳ್ಳಿಹಾಕಿದ್ದರು. ಪುಣ್ಯದ ಆಸೆ ಈಗಿನವರಿಗೆ ಇಲ್ಲ, ಚಿತ್ರದ ಆಸೆಯಿದೆ. ಮೊಬೈಲನ್ನು ದಡದಲ್ಲಿಯೇ ಬಿಟ್ಟು ಹೋಗಲು ಎಷ್ಟು ಮಂದಿ ಒಪ್ಪುತ್ತಾರೆಂಬುದನ್ನು ಮೊದಲು ಕೇಳಿ ನೋಡಬಹುದು. ಪ್ರವಾಸಕ್ಕೆ ಹೊರಡುವ ಪಟ್ಟಿ ಅಲ್ಲಿಯೇ ಅರ್ಧವಾದೀತು.

ಹೋಗಲಾರದವರೂ ಬಡವರಲ್ಲ. ಸಾಂಗಲಿಯಿಂದ ನಮ್ಮ ಕಡೆಗೆ ಬರುವ ಕೃಷ್ಣೆಯ ಪಾತ್ರದಲ್ಲಿ ಮೊಸಳೆಗಳಿವೆ. ಮಹಾಪೂರದ ವರ್ಷಗಳಲ್ಲಿ, 2005ರಲ್ಲಿಯೂ 2019ರಲ್ಲಿಯೂ, ನದಿಯು ದಂಡೆ ಮೀರಿ ನಮ್ಮ ಹೊಲಗಳಿಗೆ ಬಂದಾಗ ಅವುಗಳ ಭಯದ ಮಾತನ್ನೇ ಎಲ್ಲರೂ ಆಡುತ್ತಿದ್ದೆವು. ನೀರು ಇಳಿದು ಚಳಿಗಾಲದ ಬಿಸಿಲು ಬಿದ್ದಾಗ ಅವು ದಂಡೆಯ ಮರಳಿನ ಮೇಲೆ ಬಾಯಿ ತೆರೆದು ಅಲುಗಾಡದೆ ಮಲಗಿರುತ್ತವೆ. ಎತ್ತರದ ದಡದಲ್ಲಿ, ಕಬ್ಬಿನ ಬದುವಿನ ಮೇಲೆ, ಸದ್ದಿಲ್ಲದೆ ಕುಳಿತರೆ ಒಂದು ಗಂಟೆಯವರೆಗೂ ನೋಡಬಹುದು. ನೋಡುತ್ತಿರುವವರು ಇದ್ದಾರೆಂಬುದು ಅವಕ್ಕೆ ತಿಳಿಯುವುದಿಲ್ಲ.